ಪ್ರತ್ಯಕ್ಷಭೃಂಗೀಶಾವತಾರ ಪಾಲ್ಕುರಿಕೆ ಸೋಮನಾಥರು

ಮಾಗಡಿಯ ಸೀಮೆಗೆ ಸೇರಿದ ಕಲ್ಯ ಗ್ರಾಮವು ಹಾದಿಹೋಕರ ಕಣ್ಣಿಗೆ ಒಂದು ಸಾಮಾನ್ಯ ಹಳ್ಳಿ. ವೀರಶೈವ ವಾಙ್ಮಯದ ಪರಿಚಯವುಳ್ಳವರಿಗೆ ಅದು ಪುಣ್ಯಕ್ಷೇತ್ರ. ಬಸವೇಶ್ವರರ ಚರಿತ್ರೆಯನ್ನು ತೆಲುಗಿನಲ್ಲಿ ಮಹಾಪುರಾಣವಾಗಿ ಹಾಡಿ, ಕನ್ನಡದಲ್ಲಿ ರಗಳೆ ವಚನಗಳನ್ನೂ ಸಂಸ್ಕೃತದಲ್ಲಿ ಭಾಷ್ಯವನ್ನೂ ರಚಿಸಿದ ಪಾಲ್ಕುರಿಕೆ ಸೋಮನಾಥರು ತಮ್ಮ ಬಾಳಿನ ಕೊನೆಯ ದಿನಗಳನ್ನು ಇಲ್ಲಿ ಕಳೆದು ಲಿಂಗೈಕ್ಯರಾದರೆಂದು ಪರಂಪರೆಯು ಹೇಳುತ್ತದೆ. ತೆಲುಗು ನಾಡಿನ ಓರುಗಲ್ಲಿನಂತಹ ರಾಜಧಾನಿಯ ಸಮೀಪದಲ್ಲಿ ಹುಟ್ಟಿ, ಮೂರು ಭಾಷೆಗಳ ಪಾಂಡಿತ್ಯವನ್ನು ಸಂಪಾದಿಸಿ, ವಾದಿಗಳನ್ನು ಗೆದ್ದು, ಕೊನೆಗೆ ಅರಮನೆಯೂ ಇಲ್ಲದ ಆಸ್ಥಾನವೂ ಇಲ್ಲದ ಈ ಕನ್ನಡ ಹಳ್ಳಿಗೆ ಬಂದು ನಿಂತ ಆ ಮಹನೀಯರ ಚರಿತ್ರೆಯು ಸದ್ಭಕ್ತರು ಮನನ ಮಾಡತಕ್ಕುದು.

ಧರ್ಮಕ್ಕಾಗಿ ಎದೆಯಲ್ಲಿ ಉರಿಯನ್ನು ಹೊತ್ತವರು ರಾಜ್ಯಭಾರದ ಕಾರ್ಯಕ್ಕೆ ಒಗ್ಗುವರೇ, ಅಥವಾ ಅಧಿಕಾರದ ಹೊರಗೆ ನಿಂತು ಜನರನ್ನು ಎಚ್ಚರಿಸುವುದೇ ಅವರಿಗೆ ತಕ್ಕ ಮಾರ್ಗವೇ ಎಂಬ ಪ್ರಶ್ನೆಯು ಹೊಸದಲ್ಲ. ಕಲ್ಯಾಣದ ಕ್ರಾಂತಿಯಾದಂದಿನಿಂದಲೂ ಅದು ಶರಣಸಮುದಾಯದ ಮುಂದೆ ನಿಂತಿದೆ. ಸೋಮನಾಥರು ಈ ಪ್ರಶ್ನೆಗೆ ಶಾಸ್ತ್ರವಾಕ್ಯದಿಂದ ಉತ್ತರ ಕೊಟ್ಟವರಲ್ಲ. ತಾವು ಬದುಕಿದ ಬಗೆಯಿಂದಲೂ ತಾವು ಹೇಳಿದ ಕಥೆಗಳಿಂದಲೂ ಕೊಟ್ಟರು.

ಅವರ ಜನ್ಮಸ್ಥಳವು ಈಗಿನ ತೆಲಂಗಾಣ ರಾಜ್ಯಕ್ಕೆ ಸೇರಿದ ಪಾಲಕುರ್ತಿ. ಕಾಲವನ್ನು ಕುರಿತು ವಿದ್ವಾಂಸರಲ್ಲಿ ಎರಡು ಪಕ್ಷಗಳುಂಟು. ಹನ್ನೆರಡನೆಯ ಶತಮಾನದ ಅಂತ್ಯಕ್ಕೂ ಹದಿಮೂರನೆಯದರ ಆದಿಗೂ ಸೇರಿಸುವವರು ಕೆಲವರು. 1323ರಲ್ಲಿ ದೆಹಲಿಯ ಸೈನ್ಯದಿಂದ ಪರಾಭವಗೊಂಡ ಕಾಕತೀಯ ಪ್ರತಾಪರುದ್ರನ ಕಾಲಕ್ಕೆ ತರುವವರು ಕೆಲವರು. ತಂದೆ ವಿಷ್ಣುರಾಮಿದೇವ, ತಾಯಿ ಶ್ರೀಯಾದೇವಿ ಎಂದು ಹೆಸರುಗಳು ಬಂದಿವೆ. ಆದರೆ ಸೋಮನಾಥರು ತಮ್ಮನ್ನು ಹೇಳಿಕೊಳ್ಳುವಾಗ ಹುಟ್ಟಿದ ಮನೆಯ ಕುಲಗೋತ್ರಗಳನ್ನು ಎತ್ತುವುದಿಲ್ಲ. ತಾವು ಗುರುಲಿಂಗರ ಮಗನೆಂದೂ, ಶಿವಕುಲದವರೆಂದೂ, ಭೃಂಗಿರಿಟಿಯ ಗೋತ್ರದವರೆಂದೂ ಅನುಭವಸಾರದಲ್ಲಿ ಸಾರಿಕೊಂಡಿದ್ದಾರೆ. ಜನಕ್ಕೆ ಜಾತಿಯೇ ಪರಿಚಯಪತ್ರವಾಗಿದ್ದ ಕಾಲದಲ್ಲಿ ದೀಕ್ಷೆಯಿಂದಲೇ ತನ್ನ ಜನ್ಮವೆಂದು ಹೇಳಿಕೊಳ್ಳುವುದು ಸಣ್ಣ ಮಾತಲ್ಲ. ಅವರು ಹುಟ್ಟಿದ್ದು ಯಾವ ಕುಲದಲ್ಲಿ ಎಂದು ಪಂಡಿತರು ಇಂದಿಗೂ ಚರ್ಚಿಸುತ್ತಿರುವರು. ಅವರ ಸಂಕಲ್ಪವು ಎಷ್ಟು ಚೆನ್ನಾಗಿ ಫಲಿಸಿತೆಂಬುದಕ್ಕೆ ಇದೇ ಸಾಕ್ಷಿ.

ಭೃಂಗಿಯ ಗೋತ್ರವೆಂಬ ಮಾತನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕು. ಸೋಮನಾಥರಿಗೆ ಇದ್ದ ಬಿರುದುಗಳಲ್ಲಿ ಪ್ರತ್ಯಕ್ಷಭೃಂಗೀಶಾವತಾರ ಎಂಬುದೊಂದು, ಅನ್ಯವಾದಿಕೋಲಾಹಲ ಎಂಬುದೊಂದು. ಭೃಂಗೀಶನ ಕಥೆ ಭಕ್ತರೆಲ್ಲರಿಗೂ ತಿಳಿದುದೇ. ಕೈಲಾಸದಲ್ಲಿ ದೇವಗಣವೆಲ್ಲ ಪಾರ್ವತೀಪರಮೇಶ್ವರರಿಬ್ಬರಿಗೂ ಸೇರಿಸಿ ಪ್ರದಕ್ಷಿಣೆ ಬರುತ್ತಿರಲು ಭೃಂಗಿಯೊಬ್ಬನು ಶಿವನಿಗೆ ಮಾತ್ರ ಬಂದನು. ದೇವಿಯು ಶಿವನ ಅರ್ಧಾಂಗವನ್ನು ಸೇರಿ ನಿಂತರೆ ಆತನು ದುಂಬಿಯ ರೂಪವನ್ನು ತಾಳಿ ನಡುವೆ ಕೊರೆದುಕೊಂಡು ಶಿವನ ಭಾಗವನ್ನೇ ಸುತ್ತಿದನು. ಕೋಪಗೊಂಡ ದೇವಿ ಆತನ ರಕ್ತಮಾಂಸಗಳನ್ನು ಹಿಂತೆಗೆದುಕೊಂಡಳು. ಎಲುಬಿನ ಗೂಡಾಗಿ ಕುಸಿಯುತ್ತಿದ್ದವನಿಗೆ ಶಿವನು ಮೂರನೆಯ ಕಾಲನ್ನು ದಯಪಾಲಿಸಿ ನಿಲ್ಲಿಸಿದನು. ಏಕನಿಷ್ಠೆಗೆ ಇದಕ್ಕಿಂತ ದೊಡ್ಡ ನಿದರ್ಶನವಿಲ್ಲ. ಲೋಕವ್ಯವಹಾರಕ್ಕೆ ಇದಕ್ಕಿಂತ ಅಯೋಗ್ಯವಾದ ಸ್ವಭಾವವೂ ಮತ್ತೊಂದಿಲ್ಲ. ಒಂದು ಸುತ್ತು ಹೆಚ್ಚಾಗಿ ಬಂದಿದ್ದರೆ ಭೃಂಗಿಯ ಮೈಯ ಮಾಂಸ ಉಳಿಯುತ್ತಿತ್ತು. ಅರಮನೆಯಲ್ಲಿ ಬಾಳುವವರು ದಿನವೂ ಇಂತಹ ಒಂದೊಂದು ಸುತ್ತನ್ನು ಹೆಚ್ಚಾಗಿ ಬರುತ್ತಿರುತ್ತಾರೆ. ಸೋಮನಾಥರು ಬರಲೊಲ್ಲದ ವಂಶಕ್ಕೆ ತಮ್ಮನ್ನು ಸೇರಿಸಿಕೊಂಡರು.

ತೆಲುಗು ಸಾಹಿತ್ಯದ ಇನ್ನೊಬ್ಬ ಮಹಾಕವಿಯನ್ನು ಅವರ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ವಿಷಯವು ಸ್ಪಷ್ಟವಾಗುತ್ತದೆ. ಹದಿಮೂರನೆಯ ಶತಮಾನದ ತಿಕ್ಕನ ಸೋಮಯಾಜಿಯು ನೆಲ್ಲೂರಿನ ಮನುಮಸಿದ್ಧಿಯೆಂಬ ಅರಸನ ಮಂತ್ರಿ. ರಾಜ್ಯ ಕಳೆದುಕೊಂಡ ತನ್ನ ಒಡೆಯನಿಗಾಗಿ ಓರುಗಲ್ಲಿಗೆ ಹೋಗಿ, ಕಾಕತೀಯ ಗಣಪತಿದೇವನ ಮನಸ್ಸನ್ನು ಒಲಿಸಿಕೊಂಡು, ಸೈನ್ಯದ ನೆರವನ್ನು ತಂದು ಸಿಂಹಾಸನವನ್ನು ಮರಳಿ ಕೊಡಿಸಿದ ಚತುರನೆಂದು ಆತನ ಖ್ಯಾತಿ. ವಿರಾಟಪರ್ವದಿಂದ ತೊಡಗಿ ಭಾರತದ ಹದಿನೈದು ಪರ್ವಗಳನ್ನು ತೆಲುಗಿಸಿದ ಆ ಕವಿಯು ತನ್ನ ಕೃತಿಯನ್ನು ಅರ್ಪಿಸಿದ್ದು ಹರಿಹರನಾಥನಿಗೆ. ಶೈವರೂ ವೈಷ್ಣವರೂ ಕಾದಾಡುತ್ತಿದ್ದ ನಾಡಿನಲ್ಲಿ ಹರಿಯನ್ನೂ ಹರನನ್ನೂ ಒಂದೇ ಮೂರ್ತಿಯಾಗಿ ಕಂಡುದು ಮಂತ್ರಿಯ ಕಣ್ಣು. ಅದು ನಿಂದ್ಯವಲ್ಲ, ನಾಡಿಗೆ ಬೇಕಾದದ್ದೇ. ಆದರೆ ಭೃಂಗಿಯ ಗೋತ್ರದವರಿಂದ ಆಗತಕ್ಕ ಕೆಲಸ ಅದಲ್ಲ. ಇಬ್ಬರೂ ಒಂದೇ ಭಾಷೆಯ ಕವಿಗಳು. ಅವರವರ ಸ್ವಭಾವಕ್ಕೆ ತಕ್ಕ ಕ್ಷೇತ್ರವನ್ನು ಅವರವರು ಹಿಡಿದರು.

ಸೋಮನಾಥರು ಹಿಡಿದ ಕ್ಷೇತ್ರವೆಂದರೆ ಜನಸಾಮಾನ್ಯರ ಕಿವಿ. ಅಂದಿನ ತೆಲುಗಿನಲ್ಲಿ ಕಾವ್ಯವೆಂದರೆ ಸಂಸ್ಕೃತ ವೃತ್ತಗಳಿಂದ ತುಂಬಿದ ಚಂಪೂಕಾವ್ಯ. ಅದನ್ನು ಅರಸರೂ ಪಂಡಿತರೂ ಸವಿಯಬೇಕು. ಇವರು ಅದನ್ನು ಬಿಟ್ಟು ದ್ವಿಪದಿಯನ್ನು ಕೈಗೆತ್ತಿಕೊಂಡರು. ಎರಡೆರಡೇ ಸಾಲುಗಳಾಗಿ ನಡೆಯುವ ಆ ದೇಸಿಯ ಮಟ್ಟು ಹಾಡುವುದಕ್ಕೆ ಹಗುರ, ನೆನಪಿನಲ್ಲಿ ನಿಲ್ಲುವುದಕ್ಕೆ ಸುಲಭ. ಎಲ್ಲರಿಗೂ ತಿಳಿಯುವ ಅಚ್ಚ ತೆಲುಗಿನಲ್ಲಿಯೇ ಹೇಳುವೆನೆಂದೂ, ಶಿವಭಕ್ತರ ಚರಿತ್ರೆಯನ್ನು ಹೊತ್ತ ದ್ವಿಪದಿಯು ವೇದಕ್ಕೆ ಕಡಿಮೆಯಾದುದಲ್ಲವೆಂದೂ ಅವರ ನಿಲುವು. ಯತಿಪ್ರಾಸಗಳ ಕಟ್ಟುಗಳನ್ನು ಅರ್ಥದ ಓಟಕ್ಕೆ ಅಡ್ಡಬಂದಲ್ಲಿ ಸಡಿಲಿಸಿದರು. ಪಾಂಡಿತ್ಯದ ಕೊರತೆಯಿಂದ ಹೀಗೆ ಮಾಡಿದರೆಂದು ಯಾರೂ ಹೇಳುವಂತಿರಲಿಲ್ಲ. ಸಂಸ್ಕೃತದಲ್ಲಿ ಸೋಮನಾಥಭಾಷ್ಯವನ್ನೂ, ತೆಲುಗಿನಲ್ಲಿ ವೇದವಾಕ್ಯಗಳ ಆಧಾರದಿಂದ ಶಿವಪಾರಮ್ಯವನ್ನು ಸಾಧಿಸುವ ಚತುರ್ವೇದಸಾರವನ್ನೂ ಬರೆದವರೇ ಅವರು. ಕನ್ನಡದಲ್ಲಿ ಶೀಲಸಂಪಾದನೆ, ಸಹಸ್ರಗಣನಾಮ, ಸದ್ಗುರು ರಗಳೆ, ಚೆನ್ನಬಸವ ರಗಳೆ ಮೊದಲಾದವು ಅವರವೆಂದು ಪ್ರಸಿದ್ಧವಾಗಿವೆ.

ಬಸವಪುರಾಣವು ಏಳು ಆಶ್ವಾಸಗಳ ಗ್ರಂಥ. ಬಸವೇಶ್ವರರು ಲಿಂಗೈಕ್ಯರಾಗಿ ಬಹುಕಾಲ ಸಂದಿರದಿದ್ದಾಗ, ಭಕ್ತರ ಬಾಯಿಂದ ಬಾಯಿಗೆ ಬರುತ್ತಿದ್ದ ಕಥೆಗಳನ್ನು ಕೂಡಿಸಿ ಅವರು ಇದನ್ನು ಕಟ್ಟಿದರು. ಬಸವಣ್ಣನವರ ಚರಿತ್ರೆಯೆಂಬ ದಾರದಲ್ಲಿ ಕಣ್ಣಪ್ಪ, ಸಿರಿಯಾಳ, ಬೆಜ್ಜಮಹಾದೇವಿ, ಕಿನ್ನರಿಬ್ರಹ್ಮಯ್ಯ, ಮಡಿವಾಳ ಮಾಚಯ್ಯ ಇವರೆಲ್ಲರ ಕಥೆಗಳನ್ನು ಪೋಣಿಸಿದರು. ಬೇಡ, ಕುಂಬಾರ, ಮಡಿವಾಳ, ಮುಗ್ಧೆಯಾದ ಹೆಂಗಸು—ಇವರೇ ಆ ಪುರಾಣದ ನಾಯಕರು. ಅದುವರೆಗೆ ಪುರಾಣವೆಂದರೆ ದೇವತೆಗಳದೂ ರಾಜವಂಶಗಳದೂ ಆಗಿತ್ತು. ತನ್ನಂತಹವನ ಹೆಸರನ್ನು ಪುರಾಣದೊಳಗೆ ಕೇಳಿದ ಒಬ್ಬ ಕುಂಬಾರನಿಗೆ ಆದ ಆನಂದವನ್ನು ಯಾವ ರಾಜಶಾಸನ ತಾನೆ ಉಂಟುಮಾಡಬಲ್ಲದು?

ಈ ಪುರಾಣದಲ್ಲಿಯೇ, ಆವೇಶದ ಭಕ್ತಿಯು ಅಧಿಕಾರಪೀಠವನ್ನೇರಿದಾಗ ಏನೇನಾಗುವುದೆಂಬುದನ್ನು ಸೋಮನಾಥರು ಬಿಚ್ಚಿಟ್ಟಿದ್ದಾರೆ. ಬಸವಣ್ಣನವರು ಬಿಜ್ಜಳನ ದಂಡನಾಯಕರು, ಭಂಡಾರದ ಅಧಿಕಾರಿಗಳು. ಅವರ ಮನೆಯಲ್ಲಿ ಜಂಗಮದಾಸೋಹವು ಹಗಲಿರುಳೂ ನಡೆಯುತ್ತಿತ್ತು. ಅರಸನ ಹಣವೆಲ್ಲ ಜಂಗಮರ ಪಾಲಾಯಿತೆಂದು ಚಾಡಿ ಹೋಗುವುದು, ಬಿಜ್ಜಳನು ಭಂಡಾರವನ್ನು ಎಣಿಸುವುದು, ಒಂದು ಹೊನ್ನೂ ಕೊರತೆಯಾಗದೆ ಇರುವುದು. ಅಸ್ಪೃಶ್ಯನೆನಿಸಿದ ಶಿವನಾಗಮಯ್ಯನನ್ನು ಸಮಾನನಾಗಿ ಕಂಡರೆಂದು ಮತ್ತೆ ದೂರು, ಮತ್ತೆ ವಿಚಾರಣೆ, ಮತ್ತೆ ಪವಾಡ. ಭಕ್ತರು ಈ ಪವಾಡಗಳನ್ನು ಕೇಳಿ ತಲೆದೂಗುವರು. ಆದರೆ ಕಥೆಯ ನಡೆಯನ್ನು ನಿದಾನಿಸಿ ನೋಡಬೇಕು. ಪ್ರತಿಸಾರಿಯೂ ಶರಣರು ಗೆಲ್ಲುತ್ತಾರೆ. ಪ್ರತಿಸಾರಿಯೂ ಅರಸನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯುತ್ತದೆ. ರಾಜನೀತಿಯಲ್ಲಿ ಪವಾಡಕ್ಕೆ ಎದುರಾಳಿಯ ಬಾಯನ್ನು ಮುಚ್ಚಿಸುವ ಶಕ್ತಿಯಿದೆ, ಅವನ ಹೃದಯವನ್ನು ತಿರುಗಿಸುವ ಶಕ್ತಿಯಿಲ್ಲ.

ಕೊನೆಗೆ ಮುಳ್ಳುಗಳೆಲ್ಲ ಸೇರಿ ಕಣ್ಣನ್ನು ಕಿತ್ತವು. ಕನ್ನಡದ ಪರಂಪರೆಯಲ್ಲಿ ಹರಳಯ್ಯ ಮಧುವಯ್ಯರೆಂದು ಖ್ಯಾತರಾದ ಶರಣರಿಬ್ಬರನ್ನು ಬಸವಪುರಾಣವು ಅಲ್ಲಯ್ಯ ಮಧುವಯ್ಯರೆಂದು ಹೆಸರಿಸುತ್ತದೆ. ಬಿಜ್ಜಳನು ಅವರ ಕಣ್ಣುಗಳನ್ನು ಕೀಳಿಸಿದನು. ಬಸವಣ್ಣನವರು ಪಟ್ಟಣದ ನಾಶವನ್ನು ನುಡಿದು, ಅರಸನನ್ನು ಶಿಕ್ಷಿಸುವ ಹೊಣೆಯನ್ನು ಜಗದೇವನಿಗೆ ಒಪ್ಪಿಸಿ, ಅಧಿಕಾರಮುದ್ರೆಯನ್ನು ಹಿಂದೆ ಬಿಟ್ಟು ಕೂಡಲಸಂಗಮಕ್ಕೆ ತೆರಳಿದರೆಂದು ಸೋಮನಾಥರ ಕಥನ. ತಡಮಾಡಿದ ಜಗದೇವನನ್ನು ಹೆತ್ತ ತಾಯಿಯೇ ಜರೆದಳು. ಆತನು ಮೊಲ್ಲೆಯ ಬೊಮ್ಮಣ್ಣಾದಿಗಳೊಡನೆ ಹೋಗಿ ಬಿಜ್ಜಳನನ್ನು ಕೊಂದನು. ಕವಿಗೆ ಇದರಲ್ಲಿ ಅಳುಕಿಲ್ಲ. ಶಿವದ್ರೋಹಿಗೆ ತಕ್ಕ ಶಾಸ್ತಿಯಾಯಿತೆಂಬ ಧ್ವನಿಯಿಂದಲೇ ಹೇಳುತ್ತಾರೆ. ಅದು ಭೃಂಗಿಯ ಕಣ್ಣು. ಆದರೆ ಸತ್ಯವಂತನಾದ ಕವಿಯು ತನ್ನ ಪಕ್ಷಪಾತವನ್ನು ಮೀರಿಯೂ ನಿಜವನ್ನು ಹೇಳಿಬಿಡುತ್ತಾನೆ. ಬಿಜ್ಜಳನ ವಧೆಯಿಂದ ಕಲ್ಯಾಣದಲ್ಲಿ ಶರಣರ ರಾಜ್ಯವೇನೂ ಸ್ಥಾಪಿತವಾಗಲಿಲ್ಲ. ಊರು ಹಾಳಾಯಿತು, ಶರಣರು ದಿಕ್ಕುದಿಕ್ಕಿಗೆ ಚೆದರಿದರು. ದಂಡನಾಯಕನ ಗದ್ದುಗೆಯಿಂದ ಆದ ಕಾರ್ಯವೆಲ್ಲ ಗದ್ದುಗೆಯೊಡನೆ ಹೋಯಿತು. ಅನುಭವಮಂಟಪದ ಮಾತು ಉಳಿಯಿತು. ಬಸವಣ್ಣನವರಲ್ಲಿ ಮಂತ್ರಿಯೂ ಶರಣನೂ ಕೂಡಿದ್ದರು. ಅಂತಹ ಯುಗಪುರುಷರಿಗೇ ಆ ಎರಡು ನೊಗಗಳನ್ನು ಒಂದೇ ಹೆಗಲಲ್ಲಿ ಕೊನೆಯತನಕ ಹೊರಲು ಕಾಲವು ಬಿಡಲಿಲ್ಲವೆಂದರೆ, ಸಾಮಾನ್ಯರ ಮಾತೇನು?

ಸೋಮನಾಥರ ಎರಡನೆಯ ಮಹಾಕೃತಿ ಪಂಡಿತಾರಾಧ್ಯಚರಿತ್ರ. ದೀಕ್ಷೆ, ಪುರಾತನ, ವಾದ, ಮಹಿಮೆ, ಪರ್ವತ ಎಂಬ ಐದು ಪ್ರಕರಣಗಳಾಗಿ ಅದು ಹರಡಿದೆ. ಮಲ್ಲಿಕಾರ್ಜುನ ಪಂಡಿತಾರಾಧ್ಯರು ವೆಲನಾಡಿನ ಚೋಳ ಅರಸನ ಸಭೆಯಲ್ಲಿ ಬೌದ್ಧಾಚಾರ್ಯನೊಡನೆ ವಾದಿಸಿ ಗೆದ್ದರು. ವಾದವು ಅಲ್ಲಿಗೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ, ಆವೇಶಗೊಂಡ ಶಿಷ್ಯರು ಬೌದ್ಧಾಚಾರ್ಯನನ್ನು ಕೊಂದರು. ಅರಸನು ಪಂಡಿತಾರಾಧ್ಯರ ಕಣ್ಣುಗಳನ್ನು ತೆಗೆಸಿದನು. ಶಿವನ ಕರುಣೆಯಿಂದ ಅವು ಮರಳಿ ಬಂದವು. ರಾಜ್ಯಕ್ಕೆ ಶಾಪ ತಟ್ಟಿತು. ಮತ್ತೆ ಕಣ್ಣು, ಮತ್ತೆ ಅರಸ, ಮತ್ತೆ ಶಾಪ! ಎರಡು ಮಹಾಗ್ರಂಥಗಳಲ್ಲಿಯೂ ಆಸ್ಥಾನವನ್ನು ಹೊಕ್ಕ ಭಕ್ತಿಯು ರಕ್ತವಿಲ್ಲದೆ ಹೊರಗೆ ಬರಲಿಲ್ಲ. ಅಲ್ಲಿ ವಾದಗಳಲ್ಲಿ ಸೋತವರಾದ ಬೌದ್ಧ ಜೈನರನ್ನು ಸೋಮನಾಥರು ಚಿತ್ರಿಸಿರುವ ರೀತಿಯೂ ಕಠಿನವಾದುದು. ಅವರ ಭಕ್ತಿಗೆ ನಮಸ್ಕರಿಸುವ ಗೃಹಸ್ಥರು ಆ ಕಾಠಿನ್ಯವನ್ನೂ ಪ್ರಸಾದವೆಂದು ಸ್ವೀಕರಿಸಬೇಕಾದ ಅಗತ್ಯವಿಲ್ಲ. ಪಾಡಿನಲ್ಲಿ ಆ ಮಾತು ವೀರರಸ; ಖಡ್ಗವನ್ನು ಹಿಡಿದ ಮಂತ್ರಿಯ ಬಾಯಲ್ಲಿ ಅದೇ ಮಾತು ಪ್ರಜಾಹಿಂಸೆ.

ಅದೇ ಗ್ರಂಥದಲ್ಲಿ ಮನಸ್ಸನ್ನು ಕರಗಿಸುವ ಪ್ರಸಂಗವೊಂದುಂಟು. ಪಂಡಿತಾರಾಧ್ಯರು ಬಸವಣ್ಣನವರನ್ನು ಕಾಣಬೇಕೆಂಬ ಹಂಬಲದಿಂದ ಕಲ್ಯಾಣದ ಕಡೆಗೆ ಹೊರಟರು. ಬಸವಣ್ಣನವರು ಸಂಗಮದಲ್ಲಿ ಐಕ್ಯರಾದ ಸುದ್ದಿ ದಾರಿಯಲ್ಲಿಯೇ ಎದುರಾಯಿತು. ಆ ಮಹಾನುಭಾವರ ಶೋಕವನ್ನು ಹೇಳಿ ಸೋಮನಾಥರು ಅವರನ್ನು ಶ್ರೀಶೈಲದತ್ತ ತಿರುಗಿಸುತ್ತಾರೆ. ಮುಂದಿನ ಪರ್ವತಪ್ರಕರಣದಲ್ಲಿ ರಾಜರಿಲ್ಲ, ಸಭೆಯಿಲ್ಲ. ಶಿವರಾತ್ರಿಗೆಂದು ಬೆಟ್ಟವನ್ನೇರುವ ಯಾತ್ರಿಕರು, ಅವರ ಹಾಡುಗಳು, ವಾದ್ಯಗಳು, ಕುಣಿತಗಳು, ಬೊಂಬೆಯಾಟಗಳು, ಹರಕೆಗಳು ಹೀಗೆ ನಾಡಿನ ಜನವೇ ಅಲ್ಲಿ ತುಂಬಿ ನಿಂತಿದೆ. ಅಂದಿನ ಜನಪದ ಕಲೆಗಳ ವಿಷಯವನ್ನು ತಿಳಿಯಬಯಸುವ ಸಂಶೋಧಕರಿಗೆ ಇಂದಿಗೂ ಆ ಪ್ರಕರಣವೇ ದೊಡ್ಡ ಭಂಡಾರ. ವಾದಪ್ರಕರಣದಲ್ಲಿ ಕಿಡಿಕಾರುವ ಲೇಖನಿಯೇ ಇಲ್ಲಿ ಜಾತ್ರೆಗೆ ಬಂದ ಮಗುವಿನಂತೆ ಎಲ್ಲವನ್ನೂ ಕಣ್ಣರಳಿಸಿ ನೋಡುತ್ತದೆ.

ಸೋಮನಾಥರಿಗೂ ಅರಮನೆಗೂ ಸಂಬಂಧವೇ ಬರಲಿಲ್ಲವೆಂದಲ್ಲ. ಪಿಡುಪರ್ತಿ ಸೋಮನಾಥನೆಂಬ ಮುಂದಿನ ಕಾಲದ ತೆಲುಗು ಕವಿಯು ಹೇಳುವ ಕಥೆಯಿದು. ಓರುಗಲ್ಲಿನ ಶಿವಾಲಯಕ್ಕೆ ದರ್ಶನಾರ್ಥವಾಗಿ ಬಂದ ಪ್ರತಾಪರುದ್ರನು, ಮಂಟಪದಲ್ಲಿ ಭಕ್ತರ ಗುಂಪೊಂದು ತನ್ಮಯವಾಗಿ ಏನನ್ನೋ ಕೇಳುತ್ತಿರುವುದನ್ನು ಕಂಡು ಅದೇನೆಂದು ವಿಚಾರಿಸಿದನು. ಬಳಿಯಲ್ಲಿದ್ದ ಮತ್ಸರಿಯೊಬ್ಬನು, ಅದು ಪಾಲ್ಕುರಿಕೆಯ ಸೋಮನೆಂಬ ಆಚಾರಭ್ರಷ್ಟನು ಈಚೆಗೆ ಕಟ್ಟಿದ ಬಸವಪುರಾಣವೆಂದೂ, ಛಂದಸ್ಸು ಕೆಟ್ಟ ದ್ವಿಪದಿಯೆಂದೂ, ಪ್ರಮಾಣಕ್ಕೆ ಸಲ್ಲದ ಗ್ರಂಥವೆಂದೂ ಹಳಿದನು. ಅರಸನು ಕೇಳಿ ಸುಮ್ಮನೆ ಹೊರಟುಹೋದನು. ಸುದ್ದಿ ತಿಳಿದ ಸೋಮನಾಥರು ಓರುಗಲ್ಲಿಗೆ ಬಂದು, ಪ್ರತಿವಾದಿಗಳನ್ನು ನಿರುತ್ತರಗೊಳಿಸಿ, ಬಸವಪುರಾಣದ ಮಾನವನ್ನು ಕಾಪಾಡಿದರೆಂದು ಪರಂಪರೆಯು ಕೊಂಡಾಡುತ್ತದೆ. ಪ್ರತಾಪರುದ್ರನ ಅಮಾತ್ಯನಾದ ಇಂದುಲೂರಿ ಅನ್ನಯನೇ ಅವರ ಶಿಷ್ಯನೆಂದು ಹೇಳುವುದುಂಟು. ರಾಜನ ಬಲಗೈಯಂತಿದ್ದವನು ಶಿಷ್ಯನಾಗಿರುವಾಗ ಪದವಿಯನ್ನು ಪಡೆಯುವುದು ಎಷ್ಟರ ಕೆಲಸ? ಆದರೂ ವಾದಕ್ಕೆ ಬಂದವರು ವಾದವನ್ನು ಮುಗಿಸಿ ಹೊರಟರೇ ಹೊರತು ಮಂತ್ರಿಯಾಗಿ ಕುಳಿತರೆಂದಾಗಲಿ, ಆಸ್ಥಾನಕವಿಯಾಗಿ ಅರಸನನ್ನು ಹೊಗಳಿದರೆಂದಾಗಲಿ ಯಾವ ಐತಿಹ್ಯವೂ ಹೇಳುವುದಿಲ್ಲ. ಕೃತಿಗಳಿಗೆ ಪ್ರೇರಕರಾದ ಭಕ್ತರ ಹೆಸರುಗಳು ಗ್ರಂಥಗಳಲ್ಲಿವೆ. ಕೃತಿಭರ್ತನಾದ ರಾಜನ ಹೆಸರಿಲ್ಲ.

ಹೀಗೆ ಸಂಚರಿಸುತ್ತ ಅವರು ಕನ್ನಡ ನಾಡಿಗಿಳಿದು ಕಲ್ಯವನ್ನು ಸೇರಿದರು. ಕಲ್ಯವು ಆಗ ಚಿಕ್ಕ ಊರಲ್ಲ. ಶಾಸನದಲ್ಲಿ ಕಲ್ಲೆಹದ ಪಟ್ಟಣವೆಂದು ಕರೆಯಿಸಿಕೊಂಡ ಊರು. ಜೈನರಿಗೂ ಅದು ಪ್ರಮುಖ ನೆಲೆ. ಅನ್ಯವಾದಿಕೋಲಾಹಲರೆನಿಸಿದವರು ತಮ್ಮ ಕೊನೆಯ ವಿಶ್ರಾಂತಿಗೆ ಬಂದ ಊರಿನಲ್ಲಿ ಅನ್ಯದರ್ಶನದವರೂ ನೆಲಸಿದ್ದರೆಂಬುದು ಸ್ವಾರಸ್ಯವಾಗಿದೆ.

ಸೋಮನಾಥರ ಕಾಲವು ಸಂದ ಮೇಲೆ, 1368ರಲ್ಲಿ, ಇದೇ ಕಲ್ಯದಲ್ಲಿ ಒಂದು ಶಿಲಾಶಾಸನವು ನಿಂತಿತು. ಅದರ ಇನ್ನೊಂದು ಪ್ರತಿಯು ಶ್ರವಣಬೆಳಗೊಳದಲ್ಲಿದೆ. ಜೈನರಿಗೂ ಶ್ರೀವೈಷ್ಣವಭಕ್ತರಿಗೂ ವಿವಾದವೆದ್ದು, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಜೈನರು ತಮಗಾಗುತ್ತಿದ್ದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಿಗೆ ಬಿನ್ನವಿಸಿಕೊಂಡರು. ಬುಕ್ಕರಾಯನು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ನಾಡಿನ ಪ್ರಮುಖರನ್ನೂ ಕರೆಯಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನರಿಗೆ ಪಂಚಮಹಾವಾದ್ಯಗಳೂ ಕಲಶವೂ ಸಲ್ಲುವುವೆಂದು ವಿಧಿಸಿದನು. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣವನ್ನೆತ್ತಿ, ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನಿರಿಸಿ, ಮಿಕ್ಕ ಹಣದಿಂದ ಜೀರ್ಣಬಸದಿಗಳಿಗೆ ಸುಣ್ಣ ಹೊಡೆಯಿಸಬೇಕೆಂದು ಕಟ್ಟಳೆಯಾಯಿತು. ಆ ಹಣದ ಮೇಲ್ವಿಚಾರಣೆಯನ್ನು ವಹಿಸಿದ್ದು ತಿರುಮಲೆಯ ತಾತಯ್ಯನೆಂಬ ವೈಷ್ಣವನಿಗೆ!

ರಾಜಕಾರಣವೆಂದರೆ ಇದು. ಇದರಲ್ಲಿ ಕಾವ್ಯವಿಲ್ಲ; ಹಣವೆಷ್ಟು, ಆಳುಗಳೆಷ್ಟು, ಸುಣ್ಣಕ್ಕೆಷ್ಟು ಎಂಬ ಲೆಕ್ಕವಿದೆ. ಎರಡು ದರ್ಶನಗಳಿಗೆ ಭೇದವಿಲ್ಲವೆಂಬ ಮಾತನ್ನು ಯಾವ ತಾರ್ಕಿಕನೂ ಒಪ್ಪನು. ಸೋಮನಾಥರಂತಹವರು ಆ ಸಭೆಯಲ್ಲಿದ್ದಿದ್ದರೆ ಎದ್ದು ನಿಂತು ಖಂಡಿಸುತ್ತಿದ್ದರು, ಅವರ ಖಂಡನೆಯು ಶಾಸ್ತ್ರಸಮ್ಮತವೂ ಆಗಿರುತ್ತಿತ್ತು. ಆದರೆ ಆ ಅರೆಸತ್ಯದ ನೆರಳಿನಲ್ಲಿ ಎಷ್ಟೋ ಸಂಸಾರಗಳು ನೆಮ್ಮದಿಯಿಂದ ನಿದ್ರಿಸಿದವು. ಬುಕ್ಕರಾಯನಿಗೆ ಬಸವಪುರಾಣವನ್ನು ಬರೆಯುವ ಶಕ್ತಿಯಿರಲಿಲ್ಲ. ಸೋಮನಾಥರಿಗೆ ಈ ಶಾಸನವನ್ನು ಬರೆಯಿಸುವ ಮನಸ್ಸು ಬರುತ್ತಿರಲಿಲ್ಲ.

ಶಿವಭಕ್ತರಲ್ಲಿ ರಾಜಕಾರ್ಯವನ್ನು ಸಮರ್ಥವಾಗಿ ನಡೆಸಿದವರು ಇಲ್ಲವೇ ಇಲ್ಲವೆಂದರೆ ತಪ್ಪಾದೀತು. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ದಂಡನಾಯಕನಾಗಿದ್ದ ಲಕ್ಕಣ್ಣದಂಡೇಶನು ಶಿವತತ್ತ್ವಚಿಂತಾಮಣಿಯನ್ನೂ ರಚಿಸಿದನು, ದಂಡನ್ನೂ ನಡೆಸಿದನು. ಆದರೆ ಆತನ ಗ್ರಂಥದ ಹದವೇ ಬೇರೆ. ಶರಣರ ಆಚಾರವಿಚಾರಗಳನ್ನೂ ಚರಿತ್ರೆಗಳನ್ನೂ ಸಮಾಧಾನದಿಂದ ಸಂಗ್ರಹಿಸಿ ಕ್ರಮವಾಗಿ ಜೋಡಿಸಿದ ನಿಧಾನಿಯ ಕೆಲಸ ಅದು. ಉಗ್ರಾಣವನ್ನು ನೋಡಿಕೊಳ್ಳಬಲ್ಲವನು ರಾಜ್ಯವನ್ನೂ ನೋಡಿಕೊಂಡಾನು. ಒಲೆಯಲ್ಲಿ ಉರಿಯಾಗಿ ಇರುವವನನ್ನು ಉಗ್ರಾಣಕ್ಕೆ ಕಾವಲಿಡುವುದು ಹೇಗೆ? ಒಲೆಯಿಲ್ಲದೆ ಉಗ್ರಾಣದಿಂದ ಊಟವೂ ಆಗದು. ಲಕ್ಕಣ್ಣನಿಗೆ ಸಂಗ್ರಹಿಸಲು ಶರಣರ ಕಥೆಗಳು ದೊರೆತುದು, ನೂರಾರು ವರ್ಷ ಮೊದಲು ಸೋಮನಾಥರಂತಹವರು ಅರಮನೆಯ ಹೊರಗೆ ನಿಂತು ಅವನ್ನು ಹಾಡಿದ್ದರಿಂದ.

ಅವರ ಹಾಡು ಕನ್ನಡಕ್ಕೆ ಬಂದ ಬಗೆಯನ್ನು ಹೇಳಿ ಮುಗಿಸಬಹುದು. ಕಲ್ಯದಲ್ಲಿ ಬುಕ್ಕರಾಯನ ಶಾಸನವು ನಿಂತ ಮರುವರ್ಷವೇ, 1369ರಲ್ಲಿ, ಭೀಮಕವಿಯು ತೆಲುಗಿನ ಬಸವಪುರಾಣವನ್ನು ಆಧರಿಸಿ ಭಾಮಿನೀಷಟ್ಪದಿಯಲ್ಲಿ ಕನ್ನಡದ ಬಸವಪುರಾಣವನ್ನು ಸಂಪೂರ್ಣಗೊಳಿಸಿದನು. ಆಂಧ್ರದ ಪಂಡಿತರು ಪ್ರಮಾಣಕ್ಕೆ ಸಲ್ಲದೆಂದು ಹಳಿದ ಗ್ರಂಥವನ್ನು ಕನ್ನಡಿಗನು ತಲೆಯ ಮೇಲಿಟ್ಟುಕೊಂಡು ಬಂದನು. ಮುಂದೆ ಸೋಮನಾಥರ ಜೀವನವೇ ಕನ್ನಡದಲ್ಲಿ ಒಂದು ಪುರಾಣಕ್ಕೆ ವಸ್ತುವಾಯಿತು. ಶ್ರಾವಣಮಾಸದಲ್ಲಿ ಮಠಮಠಗಳಲ್ಲಿ ಬಸವಪುರಾಣವನ್ನಿಟ್ಟು, ಹೊಲದ ಕೆಲಸವನ್ನು ಮುಗಿಸಿ ಬಂದ ಒಕ್ಕಲು ಮಕ್ಕಳು ಹಣೆಗೆ ವಿಭೂತಿ ಧರಿಸಿ ಕುಳಿತು, ಸಿರಿಯಾಳನ ಕಥೆಗೆ ಕಣ್ಣೀರಿಡುತ್ತ ಕೇಳುವ ವಾಡಿಕೆಯು ಆ ಪರಂಪರೆಯಿಂದಲೇ ಬೆಳೆದುಬಂದಿದೆ.